ಬಾಡಿಗೆ ಕೊಡದವರಿಂದ ಮನೆ ಬಿಡಿಸಿಕೊಳ್ಳಲು ಹಿಡಿದ ಲಾಯರ್ ಆಫೀಸು: ಐದಕ್ಕೆ ನಾಲ್ಕು ಸ್ಟಾರ್

ಲಾಯರ್ ಆಫೀಸಿಗೆ ಸ್ಟಾರ್ ಕೊಡುವುದು ಸ್ವಲ್ಪ ವಿಚಿತ್ರ ಅನಿಸಬಹುದು. ಆದರೆ ಇಡ್ಲಿ ಹೋಟೆಲಿಗೆ ಕೊಡ್ತೀವಿ, ಫ್ರಿಜ್ ರಿಪೇರಿಯವರಿಗೆ ಕೊಡ್ತೀವಿ. ಅವೆರಡಕ್ಕೂ ಸೇರಿ ಹತ್ತು ವರ್ಷದಲ್ಲಿ ಸುರಿದದ್ದಕ್ಕಿಂತ ಜಾಸ್ತಿ ದುಡ್ಡನ್ನು ನಾನು ಇವರಿಗೆ ಕೊಟ್ಟಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಲ್ಲ. ಹೊಗಳಿಕೆ ಜೊತೆ ದೂರೂ ಇದೆ, ಮತ್ತೆ ಅವರು ಲಾಯರು!

ನಮ್ಮದು ಬೆಂಗಳೂರಿನ ನಾಗರಭಾವಿ ಕಡೆ ಅಪ್ಪ ಕಟ್ಟಿಸಿದ ಮನೆ. ಕೆಳಗೆ ನಾವು, ಮೇಲೆ ಬಾಡಿಗೆ. 2019ರಲ್ಲಿ ಒಂದು ಕುಟುಂಬ ಬಂತು. ಬಾಡಿಗೆ 18,000, ಅಡ್ವಾನ್ಸ್ 1,50,000. ಅಗ್ರಿಮೆಂಟ್ 11 ತಿಂಗಳದ್ದು, 100 ರೂಪಾಯಿ ಬಾಂಡ್ ಪೇಪರಿನಲ್ಲಿ, ರಸ್ತೆ ತುದಿಯ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಒಂದು ಸಲ ರಿನ್ಯೂ ಮಾಡಿದೆವು. ಆಮೇಲೆ ಕೊರೋನಾ ಬಂತು, 2021ರಲ್ಲಿ ಅಪ್ಪ ಹೋದರು, ಅಗ್ರಿಮೆಂಟ್ ಯಾರಿಗೆ ನೆನಪಿರುತ್ತೆ. ಬಾಡಿಗೆ ನನ್ನ ಅಕೌಂಟಿಗೆ ಬರತೊಡಗಿತು, ತಿಂಗಳ ಐದನೇ ತಾರೀಖು, ಗಡಿಯಾರದ ಹಾಗೆ.

2022ರ ಜೂನ್‌ನಲ್ಲಿ ನಿಂತಿತು.

ಒಂದು ಮಾತು ಹೇಳಿಬಿಡುತ್ತೇನೆ, ಅವರು ಕೆಟ್ಟವರೇನಲ್ಲ. ಆತನ ಬಿಸಿನೆಸ್ ಮುಳುಗಿತ್ತು. ಮೊದಲ ಎರಡು ತಿಂಗಳು "ಸಾರ್, ಮುಂದಿನ ತಿಂಗಳು ಒಟ್ಟಿಗೆ ಹಾಕ್ತೀನಿ" ಅಂದರು, ಮೂರನೇ ತಿಂಗಳಿಂದ ಮೆಟ್ಟಿಲ ಮೇಲೆ ಸಿಕ್ಕರೂ ಫೋನ್ ಕಿವಿಗಿಟ್ಟುಕೊಂಡು ಹೋಗತೊಡಗಿದರು. ನಾನೂ ಸುಮ್ಮನಿದ್ದೆ. ಯಾಕೆ ಹೇಳಿ? ಅಡ್ವಾನ್ಸ್ ಇದೆಯಲ್ಲ ಅನ್ನೋ ಧೈರ್ಯ. ಬೆಂಗಳೂರಿನ ಓನರುಗಳಿಗೆಲ್ಲ ಇರುವ ಕಾಯಿಲೆ ಇದು. 18,000ದ ಲೆಕ್ಕದಲ್ಲಿ ಒಂದೂವರೆ ಲಕ್ಷ ಒಂಬತ್ತು ತಿಂಗಳು ಕೂಡ ಪೂರ್ತಿ ಬರಲ್ಲ. ಕೋರ್ಟಿಗೆ ಹೋಗೋಣ ಅಂತ ಮನಸ್ಸು ಮಾಡುವ ಹೊತ್ತಿಗೆ ಅದು ಕರಗಿಹೋಗಿರುತ್ತೆ, ಕೇಸು ನಡೆಯುವ ಕಾಲಕ್ಕೆ ಕೈಯಲ್ಲಿ ಏನೂ ಇರಲ್ಲ.

ನಮ್ಮ ಚಿಕ್ಕಪ್ಪನ ಸಲಹೆ ಬೇರೆ: "ನೀರು ನಿಲ್ಲಿಸು, ಅವರು ಹೊರಗೆ ಹೋದಾಗ ನಿನ್ನದೊಂದು ಬೀಗ ಜಡಿ." ಮಾಡಲಿಲ್ಲ, ಪುಣ್ಯ. ಬಾಡಿಗೆ ಬಾಕಿ ಇದ್ದರೂ ವಾಸ ಇರುವವರನ್ನು ಕೋರ್ಟ್ ಆದೇಶ ಇಲ್ಲದೆ ಹೊರಗೆ ಹಾಕಿದರೆ ಅವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು ಆರು ತಿಂಗಳೊಳಗೆ ಕೇಸು ಹಾಕಿ ವಾಪಸ್ ಒಳಗೆ ಬರಬಹುದು, ಆಗ ಮನೆ ಯಾರದ್ದು ಅನ್ನೋ ಪ್ರಶ್ನೆಯನ್ನೇ ಕೋರ್ಟ್ ನೋಡಲ್ಲ. ಪೊಲೀಸ್ ಸ್ಟೇಷನ್ನಿಗೂ ಹೋಗಿ ಬಂದೆ. "ಇದು ಸಿವಿಲ್ ಮ್ಯಾಟರ್" ಅಂದರು. ಕಾಫಿ ಮಾತ್ರ ಕೊಟ್ಟರು.

ಈಗ ಮೊದಲನೇ ರಿವ್ಯೂ, ಒಂದು ಸ್ಟಾರಿನದ್ದು. ಅಕ್ಟೋಬರ್‌ನಲ್ಲಿ ಆನ್‌ಲೈನಿನಲ್ಲಿ ಲೀಗಲ್ ನೋಟಿಸ್ ಕಳಿಸಿಕೊಡುವ ಒಂದು ಸೈಟು ಸಿಕ್ಕಿತು. 1,499 ರೂಪಾಯಿ. ಫಾರ್ಮ್ ತುಂಬಿದೆ, ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದರು, ಎರಡು ದಿನದಲ್ಲಿ ಚಂದದ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷ್ ನೋಟಿಸ್ ಬಂತು. ಓದಿದರೆ ನನಗೇ ಭಯ ಆಗಬೇಕು, ಹಾಗಿತ್ತು. ಮೇಲಿನ ಮನೆಯವರು ತಗೊಂಡರು, ಉತ್ತರ ಇಲ್ಲ, ಬಾಡಿಗೆಯೂ ಇಲ್ಲ. ನಾಲ್ಕು ತಿಂಗಳು ಹಾಗೇ ಹೋಯಿತು.

2023ರ ಫೆಬ್ರವರಿಯಲ್ಲಿ ನಾನು ಈಗ ನಾಲ್ಕು ಸ್ಟಾರ್ ಕೊಡುತ್ತಿರುವ ಆಫೀಸಿನ ಮೆಟ್ಟಿಲು ಹತ್ತಿದ್ದು. ಮೊದಲ ಮಹಡಿ, ಕೆಳಗೆ ಮೆಡಿಕಲ್ ಸ್ಟೋರು, ಗೋಡೆ ತುಂಬ ಕೆಂಪು ಬೈಂಡಿನ ಪುಸ್ತಕ, ಫ್ಯಾನ್ ಗಾಳಿಗೆ ಹಾರದ ಹಾಗೆ ಫೈಲುಗಳ ಮೇಲೆ ಒಂದು ಹಳೇ ಇಸ್ತ್ರಿ ಪೆಟ್ಟಿಗೆ. ಲಾಯರ್ ಮೇಡಂಗೆ ಐವತ್ತರ ಮೇಲಿರಬೇಕು. ಆ ಆನ್‌ಲೈನ್ ನೋಟಿಸ್ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದ್ರಲ್ಲಿ ಬಾಡಿಗೆ ಕೊಡಿ ಅಂತ ಮೂರು ಸಲ ಇದೆ. ಮನೆ ಬಿಡಿ ಅಂತ ಎಲ್ಲಿದೆ ಸಾರ್?"

ಎಲ್ಲೂ ಇರಲಿಲ್ಲ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ನೋಟಿಸ್ ಹಾಕಿದ್ದು ಕರ್ನಾಟಕ ಬಾಡಿಗೆ ಕಾಯ್ದೆ 1999ರ 27ನೇ ಸೆಕ್ಷನ್ ಅಡಿಯಲ್ಲಿ. ಬಾಡಿಗೆ ಕೇಳಿ ನೋಟಿಸ್ ಕೊಟ್ಟ ಎರಡು ತಿಂಗಳಲ್ಲಿ ಬಾಕಿ ಕೊಡದಿದ್ದರೆ ಖಾಲಿ ಮಾಡಿಸಬಹುದು ಅನ್ನುವ ಸೆಕ್ಷನ್ ಅದು. ಸರಿಯಾದ ಸೆಕ್ಷನ್ನೇ, ಆದರೆ ನಮ್ಮ ಮನೆಗೆ ಆ ಕಾಯ್ದೆಯೇ ಅನ್ವಯ ಆಗಲ್ಲ. ಬೆಂಗಳೂರಿನಂಥ ಊರಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ, ಸಣ್ಣ ಊರುಗಳಲ್ಲಿ 2,000 ದಾಟಿದರೆ, ಅದು ಈ ಕಾಯ್ದೆಯಿಂದ ಹೊರಗೆ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಬೈಕ್ ನಿಲ್ಲಿಸಲು ಜಾಗ ಸಿಕ್ಕರೆ ದೊಡ್ಡದು. ಅಂದರೆ ಹೆಸರಿನಲ್ಲೇ ಬಾಡಿಗೆ ಅಂತ ಇರುವ ಕಾಯ್ದೆ ನಮ್ಮಲ್ಲಿ ಹೆಚ್ಚಿನವರಿಗೆ ಸಂಬಂಧವೇ ಇಲ್ಲ, ನಾವು ಹೋಗಬೇಕಾದ್ದು ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆಗೆ, 1882ರದ್ದು. ಅದರ 106ನೇ ಸೆಕ್ಷನ್ನಿನಲ್ಲಿ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬೇಕು. ಮುಗಿಸಿದ್ದೇನೆ, ಇಂಥ ದಿನದೊಳಗೆ ಸ್ವಾಧೀನ ಬಿಟ್ಟುಕೊಡಿ ಅಂತ ಬರೆಯಬೇಕು. ಬಾಕಿ ಕೇಳುವುದು ಆಮೇಲಿನ ಮಾತು.

ಅಗ್ರಿಮೆಂಟ್ ಅವಧಿ ಮುಗಿದು ವರ್ಷಗಳಾಗಿತ್ತಲ್ಲ, ಅದು ನನಗೆ ಹೆದರಿಕೆ. ಮೇಡಂ ನಕ್ಕರು. ಅವಧಿ ಮುಗಿದ ಮೇಲೂ ಬಾಡಿಗೆ ತಗೊಂಡು ಇರಲು ಬಿಟ್ಟರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದಂತೆ, ನೋಟಿಸಿಗೆ ಅದೇ ಸುಲಭ.

ಹೊಸ ನೋಟಿಸ್ ಎರಡೇ ಪುಟ, ಕನ್ನಡದಲ್ಲಿ. 3,500 ರೂಪಾಯಿ ತಗೊಂಡರು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು, ಅದರ ಫೋಟೋ ವಾಟ್ಸಾಪಿನಲ್ಲೂ ನನ್ನಿಂದ ಹಾಕಿಸಿದರು. ಈ ಸಲ ಮೇಲಿನವರಿಗೆ ಯಾರೋ ಬುದ್ಧಿ ಹೇಳಿದ್ದರು, ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲು ತೆಗೆಯಲಿಲ್ಲ. ಕವರು ಏಳೆಂಟು ದಿನ ಬಿಟ್ಟು ಹಿಂದೆ ಬಂತು. ನಾನು ಬೇಸರದಲ್ಲಿ ಅದನ್ನು ಹರಿಯಲು ಹೋದೆ, ಆಫೀಸಿನ ಜೂನಿಯರ್ ಹುಡುಗ ಫೋನಿನಲ್ಲೇ ಕೂಗಿದ: "ಸಾರ್ ಸಾರ್, ಓಪನ್ ಮಾಡ್ಬೇಡಿ!" ಮುಚ್ಚಿದ ಆ ಕವರೇ ಸಾಕ್ಷಿ. ಸರಿಯಾದ ವಿಳಾಸಕ್ಕೆ ಹೋಗಿ, ತಗೊಳ್ಳದೆ ವಾಪಸ್ ಬಂದರೆ ತಲುಪಿದ ಹಾಗೇ ಲೆಕ್ಕ. ಎಂಟು ತಿಂಗಳ ನಂತರ ಕೋರ್ಟಿನಲ್ಲಿ ಅದರ ಮೇಲೆ ಪೆನ್ನಿನಲ್ಲಿ ನಂಬರ್ ಬರೆದು ದಾಖಲೆ ಮಾಡಿದಾಗ ನನಗೆ ಯಾಕೋ ಹೆಮ್ಮೆ ಆಯಿತು.

ಮಾರ್ಚ್‌ನಲ್ಲಿ ಒಂದು ತಮಾಷೆ. ಒಂಬತ್ತು ತಿಂಗಳು ಒಂದು ಪೈಸೆ ಹಾಕದವರು ರಾತ್ರಿ ಹತ್ತೂವರೆಗೆ ಯುಪಿಐನಲ್ಲಿ 18,000 ಕಳಿಸಿದರು. ನಾನು ಖುಷಿಯಾಗಿ ಥ್ಯಾಂಕ್ಸ್ ಅಂತ ಹಾಕುವವನಿದ್ದೆ. ಅಭ್ಯಾಸಕ್ಕೆ ಮೇಡಂಗೆ ಹೇಳಿದೆ, ಅವರು ಆ ರಾತ್ರಿಯೇ ಒಂದು ಮೆಸೇಜ್ ಬರೆದು ಕಳಿಸಿದರು: "ಈ ಹಣವನ್ನು ಹಳೆಯ ಬಾಕಿಗೆ ಮಾತ್ರ ಜಮಾ ಮಾಡಿಕೊಂಡಿದ್ದೇನೆ, ನೋಟಿಸ್ ಹಾಗೇ ಜಾರಿಯಲ್ಲಿದೆ." ಇದನ್ನೇ ಅಕ್ಷರ ಬದಲಿಸದೆ ಕಳಿಸಿ ಅಂದರು. ನೋಟಿಸ್ ಕೊಟ್ಟ ಮೇಲೆ ಬಂದ ಹಣವನ್ನು ಆ ತಿಂಗಳ ಬಾಡಿಗೆ ಅಂತ ಸುಮ್ಮನೆ ತಗೊಂಡರೆ ಓನರ್ ನೋಟಿಸನ್ನು ಬಿಟ್ಟುಕೊಟ್ಟ ಅಂತ ವಾದ ಮಾಡಲು ದಾರಿ ಇದೆ. ಆ ಒಂದು ಸಾಲಿನ ಮೆಸೇಜಿಗೆ ಅವರು ಫೀಸ್ ಕೇಳಲಿಲ್ಲ. ನನ್ನ ನಾಲ್ಕು ಸ್ಟಾರಿನಲ್ಲಿ ಎರಡು ಅದಕ್ಕೇ.

ಏಪ್ರಿಲ್‌ನಲ್ಲಿ ದಾವೆ ಹಾಕಿದರು. ಬೆಂಗಳೂರಿನಲ್ಲಿ ಇಂಥ ಖಾಲಿ ಮಾಡಿಸುವ ಕೇಸುಗಳು ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಕೋರ್ಟ್ ಫೀ ಬಗ್ಗೆ ನನಗೆ ತಪ್ಪು ಕಲ್ಪನೆ ಇತ್ತು, ಮನೆಯ ಬೆಲೆ ಮೇಲೆ ಕಟ್ಟಬೇಕು ಅಂದುಕೊಂಡಿದ್ದೆ. ಹಾಗಲ್ಲ, ಬಾಡಿಗೆದಾರರ ಮೇಲಿನ ಕೇಸಿಗೆ ಹಿಂದಿನ ಒಂದು ವರ್ಷದ ಬಾಡಿಗೆ ಎಷ್ಟೋ ಅದರ ಮೇಲೆ. ನಮ್ಮದಕ್ಕೆ 2,16,000ದ ಮೇಲೆ. ಅಡ್ವಾನ್ಸ್ ಕಳೆದು ಅವತ್ತಿಗೆ ಬಾಕಿ 30,000 ಅಂತ ತೋರಿಸಿದರು, ಕೇಸು ನಡೆಯುವಷ್ಟು ದಿನ ಮನೆ ಬಳಸಿಕೊಂಡದ್ದಕ್ಕೆ ನಷ್ಟ ಪರಿಹಾರ ಬೇರೆ ಕೇಳಿದರು.

ಆಮೇಲೆ ಬೇಸಿಗೆ ರಜೆ. ಜೂನ್‌ನಲ್ಲಿ ಸಮನ್ಸ್. ಜುಲೈಯಲ್ಲಿ ಅವರ ಕಡೆ ಲಾಯರ್ ವಕಾಲತ್ತು ಹಾಕಿದರು. ಲಿಖಿತ ಉತ್ತರ ಕೊಡಲು 30 ದಿನ, ಕೋರ್ಟ್ ಬಿಟ್ಟರೆ 90 ದಿನ ಅಂತ ಕಾನೂನು. ಅವರು 90ಕ್ಕೆ ಎರಡು ದಿನ ಕಮ್ಮಿ ಇದ್ದಾಗ ಕೊಟ್ಟರು.

ಅದರಲ್ಲಿ ಏನಿತ್ತು ಅಂದರೆ, ಒಂದು: ಅಡ್ವಾನ್ಸ್ ಒಂದೂವರೆ ಅಲ್ಲ, ಮೂರು ಲಕ್ಷ. ಎರಡು: ಅಗ್ರಿಮೆಂಟ್ ಮಾಡಿದ್ದು ಅಪ್ಪ, ಮಗನಿಗೆ ಕೇಳುವ ಹಕ್ಕಿಲ್ಲ. ಓದಿ ನನಗೆ ಕೈ ನಡುಗಿತು. ಅಪ್ಪನ ತಿಥಿಗೆ ಮೇಲಿನಿಂದ ಬಂದು ಊಟ ಮಾಡಿ ಹೋದವರು! ಮೇಡಂಗೆ ಇದು ದಿನನಿತ್ಯದ ವಿಷಯ. ಅಪ್ಪನ ಹಳೇ ಪಾಸ್‌ಬುಕ್ ಹುಡುಕಿಸಿದರು, 2019ರ ಚೆಕ್ಕಿನ 1,50,000 ಒಂದೇ ಎಂಟ್ರಿ. ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಪ್ಪ ಹೋದ ಮೇಲೆ ಸುಮಾರು ಒಂದು ವರ್ಷ ಅವರೇ ಹಾಕಿದ ಬಾಡಿಗೆ ಇತ್ತು. ಯಾರಿಗೆ ಬಾಡಿಗೆ ಕೊಟ್ಟು ಒಪ್ಪಿಕೊಂಡಿದ್ದೀರೋ ಅವರನ್ನೇ ಓನರ್ ಅಲ್ಲ ಅನ್ನುವ ಹಾಗಿಲ್ಲ ಅನ್ನುವುದು ಸಾಕ್ಷ್ಯ ಕಾನೂನಿನ ಹಳೇ ನಿಯಮ. ವಾಟ್ಸಾಪ್ ಪ್ರಿಂಟಿಗೆ 65ಬಿ ಸರ್ಟಿಫಿಕೇಟ್, ಅಂದರೆ ಎಲೆಕ್ಟ್ರಾನಿಕ್ ದಾಖಲೆಗೆ ಸಾಕ್ಷ್ಯ ಕಾನೂನು ಕೇಳುವ ದೃಢೀಕರಣ ಪತ್ರ, ಬೇಕು ಅಂತ ನನ್ನ ಕೈಯಲ್ಲೇ ಸೈನ್ ಹಾಕಿಸಿದರು. ಈಗ 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾನೂನು ಬಂದು ಅದು 63ನೇ ಸೆಕ್ಷನ್ ಆಗಿದೆ.

ಟೈಪಿಂಗ್ ಅಂಗಡಿಯ ಅಗ್ರಿಮೆಂಟ್ ಮಾತ್ರ ಕೈ ಕೊಟ್ಟಿತು. ಬಾಂಡ್ ಪೇಪರಿನ ಬೆಲೆ ಕಮ್ಮಿ ಅಂತ ಎದುರಿನ ಲಾಯರ್ ತಕರಾರು ತೆಗೆದರು. ಕಮ್ಮಿ ಬಿದ್ದ ಮುದ್ರಾಂಕ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿದರೇ ಅದನ್ನು ದಾಖಲೆಯಾಗಿ ತಗೊಳ್ಳುವುದು. ನಾಲ್ಕು ಸಾವಿರದ ಚಿಲ್ಲರೆ ಹೋಯಿತು. ಮೇಡಂ ಇದನ್ನು ಮೊದಲ ದಿನವೇ ಹೇಳಿದ್ದರು, ನಾನೇ "ಅವರು ಗಮನಿಸಲ್ಲ ಬಿಡಿ" ಅಂದಿದ್ದೆ.

ನನ್ನ ಕ್ರಾಸ್, ಅಂದರೆ ಎದುರಿನ ಲಾಯರ್ ಮಾಡುವ ಪಾಟೀಸವಾಲು, ನಡೆದದ್ದು ಡಿಸೆಂಬರ್‌ನಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಕೂತೆ, ಕರೆದದ್ದು ಮಧ್ಯಾಹ್ನ ನಾಲ್ಕು ಗಂಟೆಗೆ. ಕಟಕಟೆ ಅಂದರೆ ಸಿನಿಮಾದ ಹಾಗಿರಲ್ಲ, ಮೊಣಕೈ ಇಡುವಷ್ಟು ಜಾಗದ ಮರದ ಚೌಕಟ್ಟು, ಪಕ್ಕದಲ್ಲಿ ಟೈಪಿಸ್ಟು. ಎದುರಿನ ಲಾಯರ್ ಪ್ರಶ್ನೆ ಕೇಳುತ್ತಾರೆ, ನಾನು ಉತ್ತರ ಹೇಳುತ್ತೇನೆ, ಜಡ್ಜ್ ಅದನ್ನು ಬೇರೆ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ, ಅದು ಟೈಪ್ ಆಗುತ್ತದೆ. ನಾನು "ಅಯ್ಯೋ ಇಲ್ಲ ಸಾರ್, ಒಂದೂವರೆನೇ ಕೊಟ್ಟಿದ್ದು" ಅಂದರೆ ಕಾಗದದಲ್ಲಿ "ಮೂರು ಲಕ್ಷ ರೂಪಾಯಿ ಮುಂಗಡ ಪಡೆದಿದ್ದೇನೆ ಎಂದರೆ ಸರಿಯಲ್ಲ" ಅಂತ ಇರುತ್ತದೆ. ಕೊನೆಯಲ್ಲಿ ಓದಿದಾಗ ನಾನು ಎಷ್ಟು ಗಂಭೀರ ಮನುಷ್ಯ ಅನಿಸಿತು. ಇಪ್ಪತ್ತು ನಿಮಿಷವೂ ಆಗಲಿಲ್ಲ. ಹಿಂದಿನ ರಾತ್ರಿ ನಿದ್ದೆ ಕೆಡಿಸಿಕೊಂಡದ್ದು ಸುಮ್ನೆ.

ಈಗ ದೂರು. ಡೇಟ್ ಇದ್ದ ದಿನ ಏನಾಯಿತು ಅಂತ ಇವರು ತಾವಾಗಿ ಹೇಳಲ್ಲ. ಫೋನ್ ಮಾಡಿದರೆ ಎತ್ತಲ್ಲ, ಎತ್ತಿದರೆ "ಮುಂದಕ್ಕೆ ಹೋಯ್ತು ಸಾರ್." ಎಲ್ಲಿಗೆ, ಯಾಕೆ? ಎರಡು ಸಲ ನಾನು ಆಫೀಸಿಗೆ ರಜೆ ಹಾಕಿ ಕೋರ್ಟಿಗೆ ಹೋಗಿದ್ದೇನೆ, ಬರೀ ಜೂನಿಯರ್ ನಿಂತು ತಾರೀಖು ತಗೊಂಡಿದ್ದಾನೆ, ಮೇಡಂ ಬೇರೆ ಕೋರ್ಟಿನಲ್ಲಿ. ಕೊನೆಗೆ ನನ್ನ ಮಗಳು ಇ-ಕೋರ್ಟ್ಸ್ ಆ್ಯಪ್ ಹಾಕಿಕೊಟ್ಟಳು. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರ್ ಒಂದು ಸಲ ಹಾಕಿಟ್ಟರೆ ಮುಂದಿನ ಡೇಟ್ ಯಾವುದು, ಯಾವ ಹಂತ, ಎಲ್ಲ ಕಾಣುತ್ತದೆ. ಪುಕ್ಕಟೆ. ಅದಕ್ಕೆ ಐದಕ್ಕೆ ಐದು. ಲಾಯರಿಗೆ ಫೋನ್ ಮಾಡಿ ಬೈಸಿಕೊಳ್ಳುವವರೆಲ್ಲ ಮೊದಲು ಅದನ್ನು ಹಾಕಿಕೊಳ್ಳಿ.

ಫೀಸ್ ಒಟ್ಟು 60,000, ಮೂರು ಕಂತು. ಜೆರಾಕ್ಸ್, ಟೈಪಿಂಗ್, ಪ್ರೊಸೆಸ್ ಅಂತ ಆಗಾಗ ಐನೂರು, ಸಾವಿರ ಬೇರೆ. ಯಾವುದಕ್ಕೂ ರಸೀದಿ ಇಲ್ಲ. ಕೇಳಿದರೆ "ಕೊಡೋಣ ಸಾರ್." ಐದನೇ ಸ್ಟಾರ್ ಹೋದದ್ದು ಇಲ್ಲಿ.

2024ರ ಫೆಬ್ರವರಿಯಲ್ಲಿ ಅವರ ಕಡೆ ಸಾಕ್ಷಿ ಶುರುವಾಗಬೇಕಿತ್ತು. ನಾನು ತೀರ್ಪಿನ ಕನಸಿನಲ್ಲಿದ್ದೆ. ಮೇಡಂ ನನ್ನನ್ನು ಕೂರಿಸಿ ಲೆಕ್ಕ ಬರೆದು ತೋರಿಸಿದರು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ನಮ್ಮ ಕಡೆ ಬಂದರೂ ಅವರು ಮೇಲಿನ ಕೋರ್ಟಿಗೆ ಹೋಗಿ ತಡೆ ತರಬಹುದು. ತರದಿದ್ದರೂ ತಾವಾಗಿ ಬಿಡದಿದ್ದರೆ ಅದನ್ನು ಜಾರಿ ಮಾಡಿಸಲು ನಾವು ಅಮಲ್ಜಾರಿ ಅರ್ಜಿ ಹಾಕಬೇಕು, ವಾರಂಟ್ ಆಗಬೇಕು, ಕೋರ್ಟಿನ ಅಮೀನರು ಬರಬೇಕು, ಬೀಗ ಇದ್ದರೆ ಒಡೆಯಲು ಆದೇಶ, ಗಲಾಟೆ ಅನಿಸಿದರೆ ಪೊಲೀಸ್ ಸಹಾಯಕ್ಕೆ ಇನ್ನೊಂದು ಅರ್ಜಿ. ಪ್ರತಿಯೊಂದಕ್ಕೂ ಒಂದೊಂದು ಡೇಟ್. "ನಿಮಗೆ ಮನೆ ಬೇಕಾ, ದುಡ್ಡು ಬೇಕಾ?" ಅಂದರು. ಎರಡೂ ಅಂದೆ. "ಒಂದು ಹೇಳಿ."

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕೇಸು ಎಳೆದಷ್ಟೂ ಅವರಿಗೇ ಫೀಸು ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೆ, ಆ ಮಾತು ವಾಪಸ್ ತಗೊಂಡೆ.

ಮಾರ್ಚ್‌ನ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ಅವರ ಮಗನಿಗೆ ಆ ವರ್ಷ ಪರೀಕ್ಷೆ, ಅದು ಮುಗಿದು ಮೇ 31ರೊಳಗೆ ಬಿಡುತ್ತೇವೆ ಅಂದರು. 2022ರ ಜೂನ್‌ನಿಂದ ಅಲ್ಲಿವರೆಗೆ 24 ತಿಂಗಳು, 4,32,000. ಕೊಟ್ಟದ್ದು 18,000, ಅಡ್ವಾನ್ಸ್ 1,50,000 ಮುರಿದುಕೊಂಡರೆ ಉಳಿದದ್ದು 2,64,000. ಒಪ್ಪಿಕೊಂಡದ್ದು 80,000ಕ್ಕೆ, ಎರಡು ಚೆಕ್ಕಿನಲ್ಲಿ. ಹೌದು, 1,84,000 ಬಿಟ್ಟೆ. ಚಿಕ್ಕಪ್ಪ ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾರೆ. ಆದರೆ ಅದಾಲತ್ತಿನ ಆದೇಶಕ್ಕೆ ಡಿಕ್ರಿಯ ಬಲ ಇರುತ್ತದೆ, ಅದರ ಮೇಲೆ ಅಪೀಲು ಇಲ್ಲ, ತಾರೀಖು ಮೀರಿದರೆ ನೇರ ಅಮಲ್ಜಾರಿ. ಕಟ್ಟಿದ ಕೋರ್ಟ್ ಫೀ ವಾಪಸ್ ಪಡೆಯಲೂ ಅವಕಾಶ ಇದೆ. ರಾಜಿ ಪತ್ರದಲ್ಲಿ ಮೇಡಂ ಒಂದು ಸಾಲು ಸೇರಿಸಿದರು: ಜೂನ್ 1ರಿಂದ ಬಿಡುವವರೆಗೆ ದಿನಕ್ಕೆ 1,500 ರೂಪಾಯಿ. ಆ ಸಾಲು ಓದುವಾಗ ಆತ ಮೊದಲ ಸಲ ತಲೆ ಎತ್ತಿ ನನ್ನ ಕಡೆ ನೋಡಿದರು.

ಮೇ 29ಕ್ಕೆ ಟೆಂಪೋ ಬಂತು. ಕರೆಂಟ್ ಬಿಲ್ ಕಟ್ಟಿದ್ದರು, ದೇವರ ಮನೆ ತೊಳೆದಿದ್ದರು. ಬೀಗದ ಕೈ ಕೊಡುವಾಗ ಆತನ ಹೆಂಡತಿ "ಅಮ್ಮನಿಗೆ ಹೇಳಿ ಸಾರ್" ಅಂತ ಮಾತ್ರ ಅಂದು ಇಳಿದು ಹೋದರು. ನಾನೂ ಹೂಂ ಅಂದೆ. ಗೇಟಿನ ಬೀಗದ ಇನ್ನೊಂದು ಕೈ ಸಿಗಲೇ ಇಲ್ಲ, 350 ರೂಪಾಯಿ ಕೊಟ್ಟು ಬೇರೆ ಬೀಗ ಹಾಕಿಸಿದೆ.

ನೀವು ಇದೇ ಸ್ಥಿತಿಯಲ್ಲಿದ್ದು ಲಾಯರ್ ಹುಡುಕುತ್ತಿದ್ದರೆ, ಮೊದಲ ಭೇಟಿಯಲ್ಲಿ ಅವರು ನಿಮ್ಮ ಹಳೇ ಕಾಗದ ಓದುತ್ತಾರಾ, ಇಲ್ಲ "ಆರು ತಿಂಗಳಲ್ಲಿ ಖಾಲಿ ಮಾಡಿಸ್ತೀನಿ" ಅನ್ನುತ್ತಾರಾ ನೋಡಿ. ಮೇಡಂ ಆ ದಿನ ಮುಕ್ಕಾಲು ಗಂಟೆ ಬರೀ ಓದಿದರು, ನಾನು ಇಸ್ತ್ರಿ ಪೆಟ್ಟಿಗೆ ನೋಡುತ್ತ ಕೂತಿದ್ದೆ. ಎರಡು ಬಾಕಿ ತಿಂಗಳಾದ ಕೂಡಲೇ ಹೋಗಿ, ನನ್ನ ಹಾಗೆ ಅಡ್ವಾನ್ಸ್ ಕರಗುವವರೆಗೆ ಕಾಯಬೇಡಿ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾನೂನು ಅಂತ ಒಂದು ಮಾಡಿ ರಾಜ್ಯಗಳ ಕೈಗೆ ಬಿಟ್ಟಿದೆ. ಅದರಲ್ಲಿ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್, ಪ್ರತ್ಯೇಕ ಬಾಡಿಗೆ ಕೋರ್ಟ್, ಅವಧಿ ಮುಗಿದರೂ ಬಿಡದಿದ್ದರೆ ಮೊದಲ ಎರಡು ತಿಂಗಳು ಬಾಡಿಗೆಯ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು. ಓದಲು ಚೆನ್ನಾಗಿದೆ.

ಹೊಸ ಬಾಡಿಗೆದಾರರು ಬಂದಿದ್ದಾರೆ. ಅಗ್ರಿಮೆಂಟ್ ಈ ಸಲ ಟೈಪಿಂಗ್ ಅಂಗಡಿಯಲ್ಲಿ ಬೇಡ ಅಂತ ಮೇಡಂ ಹತ್ತಿರವೇ ಮಾಡಿಸಿದೆ. ಸರಿಯಾದ ಛಾಪಾ ಕಾಗದ, ನನ್ನ ಹೆಸರು, ಅಡ್ವಾನ್ಸ್ ಯಾವ ಚೆಕ್ಕಿನಲ್ಲಿ ಬಂತು ಅನ್ನುವ ವಿವರ, ನೋಟಿಸ್ ಯಾವ ಇಮೇಲಿಗೆ, ಯಾವ ವಾಟ್ಸಾಪಿಗೆ ಕಳಿಸಬಹುದು ಅನ್ನುವುದೂ ಇದೆ. 2,500 ತಗೊಂಡರು. ರಸೀದಿ ಕೇಳಿದೆ. "ಕೊಡೋಣ ಸಾರ್" ಅಂದ ಜೂನಿಯರ್.